ಕಾಣದ ಹೆಬ್ಬೆಟ್ಟು ಮತ್ತು ಹೊಳೆಯುವ ಪುಡಿ



ಹೋದ ಸಲದ ಗೋಡೆ ಪತ್ರಿಕೆಗೆ ನಾನು ಒಗಟು ಬರೆದಿದ್ದೆ. ಈ ಸಲ ಒಂದು ವಿಜ್ಞಾನದ ಲೇಖನ ಬರಿ ಎಂದು ಗುರುಗಳು ಹೇಳಿದರು. ಏನು ಬರೆಯಬೇಕೆಂದು ನನಗೆ ನಾಲ್ಕು ದಿನ ತಿಳಿಯಲಿಲ್ಲ. ಕಡೆಗೆ ನಮ್ಮ ಆಯಿಯ ಹೆಬ್ಬೆರಳೇ ವಿಷಯ ಕೊಟ್ಟಿತು. ಅದು ಹೇಗೆಂದರೆ ಹೇಳುತ್ತೇನೆ ಕೇಳಿರಿ.

ತಿಂಗಳಿಗೊಮ್ಮೆ ರೇಷನ್ ತರಲು ಆಯಿಯ ಜೊತೆಗೆ ನಾನೇ ಚೀಲ ಹಿಡಿದುಕೊಂಡು ಹೋಗುತ್ತೇನೆ. ಅಲ್ಲಿ ಒಂದು ಸಣ್ಣ ಮಷಿನ್ ಇರುತ್ತದೆ. ಅದರ ಕಾಜಿನ ಮೇಲೆ ಬೆರಳು ಇಟ್ಟರೆ ಮಾತ್ರ ಅಕ್ಕಿ. ಹೋದ ತಿಂಗಳು ಆಯಿಯ ಬೆರಳನ್ನು ಅದು ತೆಗೆದುಕೊಳ್ಳಲೇ ಇಲ್ಲ. ಬಲಗೈ ಹೆಬ್ಬೆರಳು ಆಯಿತು, ಎಡಗೈದು ಆಯಿತು, ತೋರುಬೆರಳೂ ಆಯಿತು. ಹಿಂದೆ ಪಾಳಿಯಲ್ಲಿ ನಿಂತವರು "ಲಗೂನ ಮುಗಸ್ರಿ" ಅಂತ ಗದ್ದಲ ಮಾಡಿದರು. ಆಯಿಗೆ ನಾಚಿಕೆ ಆಯಿತು. "ನನ್ನ ಬೆರಳ ಸವದ ಹೋಗ್ಯಾವ ಯಪ್ಪಾ, ಇನ್ನ ನಾ ಇದ್ದೂ ಇಲ್ಲಧಂಗ" ಅಂದಳು. ಆಗ ಪಾಳಿಯಲ್ಲಿದ್ದ ಒಬ್ಬ ಮುದುಕರು, "ತಂಗಿ, ಬೆರಳ ಒಮ್ಮಿ ತಲಿಗೂದಲಾಗ ತಿಕ್ಕಿ ಇಡಬೇ" ಎಂದರು. ಆಯಿ ಹಾಗೆ ಮಾಡಿದಳು. ಮಷಿನ್ ಟಿಂಗ್ ಎಂದಿತು! ಅಕ್ಕಿ ಸಿಕ್ಕಿತು.

ನನಗೆ ಇದು ಜಾದೂ ಅನ್ನಿಸಿತು. ಕೂದಲಲ್ಲಿ ತಿಕ್ಕಿದರೆ ಬೆರಳು ಹೇಗೆ ವಾಪಸ್ ಬರುತ್ತದೆ? ಮರುದಿನ ವಿಜ್ಞಾನದ ಗುರುಗಳನ್ನು ಕೇಳಿದೆ. ಅವರು ಒಂದಕ್ಕೆ ಹತ್ತು ಹೇಳಿದರು. ನಾನು ಅದನ್ನೆಲ್ಲ ನೋಟಿನಲ್ಲಿ ಬರೆದುಕೊಂಡು, ಮನೆಯಲ್ಲಿ ಪ್ರಯೋಗ ಮಾಡಿ ನೋಡಿ ಈ ಲೇಖನ ಬರೆದಿದ್ದೇನೆ.

ಮೊದಲು ನಿಮ್ಮ ಬೆರಳ ತುದಿ ನೋಡಿಕೊಳ್ಳಿರಿ. ಅರಿಷಿಣ ಹಚ್ಚಲು ಹೊಲದಲ್ಲಿ ಬೋದು ಬಿಟ್ಟಿರುತ್ತಾರಲ್ಲ, ಹಾಗೆಯೇ ಸಣ್ಣ ಸಣ್ಣ ಬೋದುಗಳು, ನಡುವೆ ಸಾಲುಗಳು ಕಾಣುತ್ತವೆ. ಒಂದು ಬೋದಿನಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಅಂತರ. ನಾವು ತಾಯಿಯ ಹೊಟ್ಟೆಯಲ್ಲಿ ಮೂರು ತಿಂಗಳ ಕೂಸು ಇದ್ದಾಗಲೇ ಇವು ಮೂಡಲು ಶುರುವಾಗಿ ಆರು ತಿಂಗಳಿಗೆ ಪೂರ್ತಿ ಆಗುತ್ತವೆ. ಆಮೇಲೆ ಸಾಯುವ ತನಕ ಅದೇ ಚಿತ್ರ. ಅವಳಿ ಜವಳಿ ಮಕ್ಕಳದ್ದೂ ಬೇರೆ ಬೇರೆ. ಹಿರಿಯರು ಬೆರಳು ನೋಡಿ "ಇವಗ ಎಷ್ಟ ಚಕ್ರ ಅದಾವ, ಎಷ್ಟ ಶಂಖ ಅದಾವ" ಅಂತ ಎಣಿಸುತ್ತಾರೆ. ಪೊಲೀಸರೂ ಅದನ್ನೇ ಎಣಿಸುತ್ತಾರೆ, ಆದರೆ ಭವಿಷ್ಯ ಹೇಳುವುದಕ್ಕೆ ಅಲ್ಲ! ಸುತ್ತು ಸುತ್ತಾಗಿ ಇದ್ದರೆ ಚಕ್ರ, ಒಂದು ಕಡೆಯಿಂದ ಬಂದು ಬಾಗಿ ಅದೇ ಕಡೆ ಹೋದರೆ ಕುಣಿಕೆ, ಗುಡ್ಡದ ಹಾಗೆ ಏರಿ ಇಳಿದರೆ ಕಮಾನು. ನನಗೆ ನಾಲ್ಕು ಚಕ್ರ, ಆರು ಕುಣಿಕೆ.

ಈ ಬೋದುಗಳ ಮೇಲೆಯೇ ಸಾಲಾಗಿ ಬೆವರಿನ ತೂತುಗಳು ಇರುತ್ತವೆ. ಬೆವರು ಬಹುತೇಕ ನೀರೇ, ಸ್ವಲ್ಪ ಉಪ್ಪು ಮತ್ತು ಅಮೈನೋ ಆಮ್ಲ ಇರುತ್ತದೆ. ಆದರೆ ಅಂಗೈಯಲ್ಲಿ ಮತ್ತು ಬೆರಳ ಒಳಮೈಯಲ್ಲಿ ಎಣ್ಣೆ ಬಿಡುವ ಗ್ರಂಥಿ ಇಲ್ಲವೇ ಇಲ್ಲ. ಎಣ್ಣೆ ಜಿಡ್ಡು ಬೆರಳಿಗೆ ಬರುವುದು ನಾವು ಮುಖ, ಮೂಗು, ತಲೆ ಮುಟ್ಟಿಕೊಂಡಾಗ. ಈಗ ತಿಳಿಯಿತಲ್ಲ! ಆಯಿ ನಲವತ್ತು ವರ್ಷ ಕಬ್ಬಿನ ರವದಿ ತೆಗೆದು, ಕಳೆ ಕಿತ್ತು, ಬೂದಿ ಹಚ್ಚಿ ಭಾಂಡೆ ತಿಕ್ಕಿ ಬೋದುಗಳು ಸವೆದಿವೆ, ಮೇಲಾಗಿ ಚರ್ಮ ಒಣಗಿದೆ. ಒಣಗಿದ ಬೆರಳು ಕಾಜಿಗೆ ಸರಿಯಾಗಿ ಕೂಡುವುದಿಲ್ಲ. ಆ ಮಷಿನಿನ ಒಳಗಿಂದ ಬೆಳಕು ಬಂದು ಕಾಜಿಗೆ ಬಡಿದು ತಿರುಗುತ್ತದೆ. ಬೋದು ಒತ್ತಿದ ಜಾಗದಲ್ಲಿ ಮಾತ್ರ ತಿರುಗುವುದಿಲ್ಲ, ಅಲ್ಲಿ ಕಪ್ಪು ಗೆರೆ ಕಾಣುತ್ತದೆ. ತಲೆಯ ಎಣ್ಣೆ ಹತ್ತಿದ ಮೇಲೆ ಬೋದು ಕಾಜಿಗೆ ಅಂಟಿ ಕೂತಿತು, ಗೆರೆ ಕಂಡಿತು. ಆಯಿಯ ಬೆರಳು ಸತ್ತಿರಲಿಲ್ಲ, ಒಣಗಿತ್ತು ಅಷ್ಟೇ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಗುರುಗಳು ಒಂದು ಪ್ರಶ್ನೆ ಕೇಳಿದರು. "ಆಯಿ ಬೆರಳು ಎತ್ತಿದ ಮ್ಯಾಲೆ ಕಾಜಿನ ಮ್ಯಾಲೆ ಏನ ಉಳೀತು?" ನಾನು ಏನೂ ಇಲ್ಲರಿ ಅಂದೆ. ಅವರು ನಕ್ಕರು. ಬೆವರು ಮತ್ತು ಎಣ್ಣೆಯಿಂದ ಬರೆದ ಒಂದು ಚಿತ್ರ ಅಲ್ಲಿ ಉಳಿದಿರುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ. ನಾವು ಮುಟ್ಟಿದ ವಾಟಿ, ಬಾಗಿಲ ಚಿಲಕ, ಸೈಕಲ್ಲಿನ ಹ್ಯಾಂಡಲ್, ಎಲ್ಲದರ ಮೇಲೂ ನಮ್ಮ ಹೆಬ್ಬೆಟ್ಟು ಒತ್ತುತ್ತಲೇ ಹೋಗುತ್ತೇವೆ. ಪೇಪರಿನಲ್ಲಿ ಕಳ್ಳತನದ ಸುದ್ದಿಯ ಕಡೆಗೆ "ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಭೇಟಿ ನೀಡಿದರು" ಅಂತ ಇರುತ್ತದಲ್ಲ, ಅವರು ಹುಡುಕುವುದು ಇದನ್ನೇ. (ಬೆರಳಚ್ಚು ಅಂದರೆ ಟೈಪ್ ಮಾಡುವುದು ಅಂತಲೂ ಅರ್ಥ ಇದೆ. ನಾನು ಬಹಳ ದಿನ ಪೊಲೀಸರು ಟೈಪ್ ಮಾಡುವವರನ್ನು ಯಾಕೆ ಕರೆಸುತ್ತಾರೆ ಎಂದುಕೊಂಡಿದ್ದೆ.)

ಇದರ ಇತಿಹಾಸ ನಮ್ಮ ದೇಶದ್ದೇ. 1858ರಲ್ಲಿ ಬಂಗಾಲದಲ್ಲಿ ವಿಲಿಯಂ ಹರ್ಷಲ್ ಎಂಬ ಇಂಗ್ಲಿಷ್ ಅಧಿಕಾರಿ ಒಬ್ಬ ಗುತ್ತಿಗೆದಾರನಿಂದ ಕರಾರುಪತ್ರದ ಹಿಂದೆ ಅಂಗೈ ಒತ್ತಿಸಿಕೊಂಡನು. 1897ರಲ್ಲಿ ಕಲಕತ್ತೆಯಲ್ಲಿ ಜಗತ್ತಿನ ಮೊದಲನೆಯ ಬೆರಳಚ್ಚು ಕಚೇರಿ ಶುರುವಾಯಿತು. ಲಕ್ಷಾಂತರ ಬೆರಳಚ್ಚುಗಳನ್ನು ವಿಂಗಡಿಸಿ ಇಡುವ ಲೆಕ್ಕ ಹಾಕಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು. ಆದರೆ ಆ ಪದ್ಧತಿಗೆ ಹೆಸರು ಬಿದ್ದದ್ದು ಅವರ ಸಾಹೇಬ ಎಡ್ವರ್ಡ್ ಹೆನ್ರಿಯದು! ಇದು ನನಗೆ ಸರಿ ಅನ್ನಿಸಲಿಲ್ಲ.

ಕಾಣದ ಗುರುತನ್ನು ಕಾಣಿಸುವುದು ಹೇಗೆ? ಹಳೆಯ ಪದ್ಧತಿ ಎಂದರೆ ಸಣ್ಣ ಪುಡಿ ಉದುರಿಸಿ ಮೆತ್ತಗಿನ ಬ್ರಶ್ ಆಡಿಸುವುದು. ಜಿಡ್ಡು ಇದ್ದಲ್ಲಿ ಪುಡಿ ಅಂಟುತ್ತದೆ, ಉಳಿದಲ್ಲಿ ಹಾರಿ ಹೋಗುತ್ತದೆ. ಕಾಗದಕ್ಕೆ ಬೇರೆ ಔಷಧಿ. 1954ರಿಂದ ನಿನ್‌ಹೈಡ್ರಿನ್ ಎಂಬುದನ್ನು ಬಳಸುತ್ತಾರೆ. ಅದು ಬೆವರಿನ ಅಮೈನೋ ಆಮ್ಲಕ್ಕೆ ಕೂಡಿ ನೇರಳೆ ಬಣ್ಣ ಆಗುತ್ತದೆ. ಅದಕ್ಕೂ ಹಿಂದಿನದು ಸಿಲ್ವರ್ ನೈಟ್ರೇಟ್. ಅದು ಬೆವರಿನ ಉಪ್ಪಿಗೆ ಕೂಡಿ ಬಿಸಿಲಿಗೆ ಕಪ್ಪಾಗುತ್ತದೆ. ಈ ಸಿಲ್ವರ್ ನೈಟ್ರೇಟ್ ನಮ್ಮ ಹಿರಿಯರೆಲ್ಲರ ಬೆರಳಿಗೆ ಹತ್ತಿದೆ, ಗೊತ್ತೇನು? ಮತ ಹಾಕಿದಾಗ ಎಡಗೈ ಬೆರಳಿಗೆ ಹಚ್ಚುವ ಶಾಯಿಯಲ್ಲಿ ಅದೇ ಇರುವುದು. ಆ ಶಾಯಿಯನ್ನು 1962ರ ಚುನಾವಣೆಯಿಂದ ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯವರು ಮಾಡಿಕೊಡುತ್ತಾರೆ.

ನಾನೂ ಪ್ರಯೋಗ ಮಾಡಬೇಕೆಂದು ಹೊರಟೆ. ನಮ್ಮ ಮನೆಯಲ್ಲಿ ಸ್ಟೀಲ್ ಡಬ್ಬಿಯಲ್ಲಿ ಗೋಕಾಕದ ಕರದಂಟು ಇಟ್ಟಿದ್ದರು. ಅದರಲ್ಲಿ ಎರಡು ತುಂಡು ಕಡಿಮೆ ಆಗಿದ್ದವು. ಕಳ್ಳನನ್ನು ಹಿಡಿಯಬೇಕಲ್ಲ! ಕರದಂಟು ತಂದ ಬಣ್ಣಬಣ್ಣದ ರಟ್ಟಿನ ಪೆಟ್ಟಿಗೆಯೂ ಅಲ್ಲೇ ಇತ್ತು. ಮೊದಲು ದೀಪದ ಕಾಡಿಗೆಯ ಮಸಿ ತೆಗೆದು ಪೆಟ್ಟಿಗೆಯ ಮೇಲೆ ಉದುರಿಸಿದೆ. ಏನೂ ತಿಳಿಯಲಿಲ್ಲ. ಕೆಂಪು, ಹಸಿರು, ಕಪ್ಪು ಅಕ್ಷರಗಳ ನಡುವೆ ಕಪ್ಪು ಗೆರೆ ಹೇಗೆ ಕಾಣಬೇಕು? ಕೈ ಮಾತ್ರ ಕಪ್ಪಾಯಿತು, ಅವ್ವ ಬೈದಳು.

ಪೊಲೀಸರಿಗೂ ಇದೇ ತೊಂದರೆ. ಆದ್ದರಿಂದ ವಿಜ್ಞಾನಿಗಳು ಬೇರೆ ಉಪಾಯ ಹುಡುಕಿದರು. ಪುಡಿಯೇ ಬೆಳಕು ಕೊಟ್ಟರೆ? ಕೋಣೆ ಕತ್ತಲೆ ಮಾಡಿ ಗೆರೆಗಳನ್ನಷ್ಟೇ ದೀಪದ ಹಾಗೆ ಬೆಳಗಿಸಿದರೆ ಹಿಂದಿನ ಬಣ್ಣದ ಕಿರಿಕಿರಿ ಇರುವುದಿಲ್ಲ. 1977ರಲ್ಲಿ ಕೆನಡಾ ದೇಶದ ಮೂವರು ವಿಜ್ಞಾನಿಗಳು ಲೇಸರ್ ಬೆಳಕು ಬಿಟ್ಟರೆ ಬೆವರಿನ ಗುರುತು ತಾನೇ ಮಂದವಾಗಿ ಹೊಳೆಯುತ್ತದೆ ಎಂದು ತೋರಿಸಿದರು. ಆದರೆ ಅದು ಬಹಳ ಮಂದ. ಅದಕ್ಕೆ ಜೋರಾಗಿ ಹೊಳೆಯುವ ಪುಡಿ ಬೇಕಾಯಿತು.

ಹೊಳೆಯುವುದು ಎಂದರೆ ಏನು? ಗುರುಗಳು ಹೀಗೆ ತಿಳಿಸಿದರು. ಪರಮಾಣುವಿನಲ್ಲಿ ಎಲೆಕ್ಟ್ರಾನ್ ಇರುತ್ತದೆ. ಅದರ ಮೇಲೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿದ್ದರೆ ಅದು ಆ ಶಕ್ತಿ ಕುಡಿದು ಒಂದೇ ನೆಗೆತಕ್ಕೆ ಅಟ್ಟ ಏರುತ್ತದೆ. ಮೇಲೆ ಬಹಳ ಹೊತ್ತು ಕೂಡಲು ಆಗುವುದಿಲ್ಲ. ಇಳಿಯುವಾಗ ಮೊದಲು ಸಣ್ಣ ಮೆಟ್ಟಿಲು ಇಳಿಯುತ್ತದೆ, ಆ ಶಕ್ತಿ ಬಿಸಿಯಾಗಿ ಹೋಗುತ್ತದೆ. ಆಮೇಲೆ ಒಮ್ಮೆಲೇ ಕೆಳಗೆ ಜಿಗಿಯುತ್ತದೆ, ಆಗ ಬೆಳಕು ಬರುತ್ತದೆ. ಏರಿದ್ದಕ್ಕಿಂತ ಜಿಗಿದದ್ದು ಕಡಿಮೆ ಇರುವುದರಿಂದ ಬರುವ ಬೆಳಕಿನ ಶಕ್ತಿಯೂ ಕಡಿಮೆ. ಹೀಗಾಗಿ ಕಾಣದ ಬೆಳಕು ಹೋಗಿ ಹಳದಿ, ಹಸಿರು ಅಥವಾ ಕೆಂಪು ಬೆಳಕಾಗಿ ಹೊರಗೆ ಬರುತ್ತದೆ. ಇದಕ್ಕೆ ಪುಸ್ತಕದಲ್ಲಿ ಪ್ರತಿದೀಪ್ತಿ ಎನ್ನುತ್ತಾರೆ. ಹಳೆಯ ಟ್ಯೂಬ್‌ಲೈಟಿನ ಒಳಗೆ ಬಿಳಿ ಪುಡಿ ಬಳಿದಿರುತ್ತಾರಲ್ಲ, ಅದೂ ಇದೇ ಕೆಲಸ ಮಾಡುತ್ತದೆ. (ಒಡೆದ ಟ್ಯೂಬ್‌ಲೈಟ್ ಮುಟ್ಟಬೇಡಿರಿ, ಒಳಗೆ ಪಾದರಸ ಇರುತ್ತದೆ.) ಜಾತ್ರೆಯಲ್ಲಿ ಸಿಗುವ ರೇಡಿಯಂ ನಕ್ಷತ್ರಗಳು ದೀಪ ಆರಿಸಿದ ಮೇಲೂ ಹೊಳೆಯುತ್ತವೆ. ಅವುಗಳ ಎಲೆಕ್ಟ್ರಾನ್ ಅಟ್ಟದ ಮೇಲೆ ಎಲ್ಲೋ ಸಿಕ್ಕಿಹಾಕಿಕೊಂಡು ನಿಧಾನ ಇಳಿಯುತ್ತದೆ. ಹೆಸರು ರೇಡಿಯಂ, ಆದರೆ ಈಗಿನವುಗಳಲ್ಲಿ ರೇಡಿಯಂ ಇರುವುದಿಲ್ಲ.

ಇಂಥ ಪುಡಿ ನಮ್ಮ ಅಡುಗೆಮನೆಯಲ್ಲೇ ಇದೆ ಎಂದರೆ ನಂಬುತ್ತೀರಾ? ಅರಿಷಿಣ! ನಮ್ಮ ಗೋಕಾಕ, ಮೂಡಲಗಿ ಕಡೆ ಬೆಳೆದು ಸಾಂಗಲಿ ಪೇಟೆಗೆ ಒಯ್ಯುವ ಅದೇ ಅರಿಷಿಣ. ಅದರಲ್ಲಿರುವ ಕುರ್ಕುಮಿನ್ ಎಂಬ ಹಳದಿ ವಸ್ತು ನೇರಳಾತೀತ ಬೆಳಕಿಗೆ ಹಳದಿ ಹಸಿರಾಗಿ ಹೊಳೆಯುತ್ತದೆ. ಅರಿಷಿಣ ಪುಡಿಯಿಂದ ಬೆರಳಚ್ಚು ಕಾಣಿಸಬಹುದೆಂದು ನಮ್ಮ ದೇಶದ ವಿಜ್ಞಾನಿಗಳು 2011ರಲ್ಲಿ ಪ್ರಯೋಗ ಮಾಡಿ ಬರೆದಿದ್ದಾರೆ.

ಮೂಡಲಗಿಯಲ್ಲಿ ನಮ್ಮ ಮಾಮಾನ ಕಿರಾಣಿ ಅಂಗಡಿ ಇದೆ. ಅವನ ಹತ್ತಿರ ಖೋಟಾ ನೋಟು ನೋಡುವ ನೇರಳೆ ಬ್ಯಾಟರಿ ಇದೆ. ಅದನ್ನು ಎರಡು ದಿನಕ್ಕೆ ಕೇಳಿ ತಂದೆ. (ಆ ಬ್ಯಾಟರಿಯ ಬೆಳಕನ್ನು ಕಣ್ಣಿಗೆ ಬಿಟ್ಟುಕೊಳ್ಳಬಾರದು.) ಅರಿಷಿಣವನ್ನು ಅರಿವೆಯಲ್ಲಿ ಎರಡು ಸಲ ಸಾಣಿಸಿ ಡಬ್ಬಿಯ ಮುಚ್ಚಳದ ಮೇಲೆ ಉದುರಿಸಿ ಬ್ರಶ್ ಆಡಿಸಿದೆ. ಮೊದಲನೆಯ ಸಲ ಜೋರಾಗಿ ತಿಕ್ಕಿ ಗುರುತೇ ಅಳಿಸಿ ಹೋಯಿತು. ಎರಡನೆಯ ಸಲ ಮುಚ್ಚಳದ ಇನ್ನೊಂದು ಬದಿಗೆ ಪುಡಿ ಹಾಕಿ ಮೆಲ್ಲಗೆ ಊದಿದೆ. ರಾತ್ರಿ ದೀಪ ಆರಿಸಿ ಬ್ಯಾಟರಿ ಹಿಡಿದಾಗ ಮೈ ಜುಮ್ ಎಂದಿತು. ಮಂದವಾಗಿ ಹಳದಿ ಗೆರೆಗಳು, ಸುತ್ತು ಸುತ್ತಾಗಿ, ನಡುವೆ ಚಕ್ರ!

ನನ್ನ ತಮ್ಮನ ಹೆಬ್ಬೆರಳು ಚಕ್ರ. "ಕಳ್ಳ ಸಿಕ್ಕ" ಅಂತ ಕೂಗಿದೆ. ಅವನು ಅತ್ತುಬಿಟ್ಟ. ಆಗ ಅವ್ವ ತನ್ನ ಹೆಬ್ಬೆರಳು ತೋರಿಸಿದಳು, ಅದೂ ಚಕ್ರ. ದಿನಾ ಆ ಮುಚ್ಚಳ ತೆಗೆಯುವವಳು ಅವಳೇ. ಗುರುಗಳಿಗೆ ಹೇಳಿದಾಗ ಅವರು ಅಂದರು, ಚಕ್ರ ಕುಣಿಕೆ ನೋಡಿ ಯಾರೂ ಕಳ್ಳನನ್ನು ಹಿಡಿಯುವುದಿಲ್ಲ, ಊರಲ್ಲಿ ಎಷ್ಟೋ ಮಂದಿಗೆ ಚಕ್ರ ಇರುತ್ತದೆ. ಗೆರೆ ಎಲ್ಲಿ ಮುಗಿಯಿತು, ಎಲ್ಲಿ ಒಂದು ಎರಡಾಗಿ ಒಡೆಯಿತು ಎಂಬ ಸಣ್ಣ ಗುರುತುಗಳನ್ನು ಒಂದೊಂದಾಗಿ ಹೊಂದಿಸಬೇಕು. ಪುಡಿ ಬಹಳ ಸಣ್ಣದಿದ್ದರೆ ಬೋದಿನ ಮೇಲಿನ ಬೆವರಿನ ತೂತು ಕೂಡ ಕಾಣುತ್ತದೆ. ನನ್ನ ಅರಿಷಿಣ ಅಷ್ಟು ಸಣ್ಣದಿರಲಿಲ್ಲ. ಕರದಂಟಿನ ಕಳ್ಳ ಇವತ್ತಿಗೂ ಸಿಕ್ಕಿಲ್ಲ. ತಮ್ಮನ ಹತ್ತಿರ ತಪ್ಪಾಯಿತು ಅಂದಿದ್ದೇನೆ.

ರಟ್ಟಿನ ಪೆಟ್ಟಿಗೆಯ ಮೇಲೂ ಅರಿಷಿಣ ಹಾಕಿದೆ. ಅಲ್ಲಿ ಬೇರೆ ಮಜಾ ಆಯಿತು. ಪೆಟ್ಟಿಗೆಯ ಬಿಳಿ ಕಾಗದವೇ ನೀಲಿಯಾಗಿ ಹೊಳೆಯಿತು! ಕಾಗದ ಬೆಳ್ಳಗೆ ಕಾಣಲಿ ಎಂದು ಹೊಳೆಯುವ ರಸಾಯನ ಹಾಕಿರುತ್ತಾರೆ. ಬಟ್ಟೆ ಒಗೆಯುವ ಪುಡಿಯಲ್ಲೂ ಅದು ಇರುತ್ತದೆ, ನನ್ನ ಸಾಲಿ ಅಂಗಿಯೂ ಹೊಳೆಯಿತು. ಇದಕ್ಕೂ ವಿಜ್ಞಾನಿಗಳ ಹತ್ತಿರ ಉತ್ತರ ಇದೆ. ಯಿಟರ್ಬಿಯಂ, ಎರ್ಬಿಯಂ ಎಂಬ ಧಾತು ಬೆರೆಸಿದ ಪುಡಿಗೆ ನೇರಳಾತೀತ ಬೇಡ. ಅತಿಗೆಂಪು ಬೆಳಕು ಸಾಕು. ಅದು ಎರಡು ಸಣ್ಣ ನೆಗೆತದಲ್ಲಿ ಅಟ್ಟ ಏರಿ ಹಸಿರು ಬೆಳಕು ಕೊಡುತ್ತದೆ. ಕಾಗದ, ಬಟ್ಟೆ ಅತಿಗೆಂಪಿಗೆ ಹಾಗೆ ಹೊಳೆಯುವುದಿಲ್ಲವಾದ್ದರಿಂದ ಬೆರಳ ಗುರುತೊಂದೇ ಕಾಣುತ್ತದೆ.

ಇಂಥ ಪುಡಿ ಮಾಡುವ ಕೆಲಸ ನಮ್ಮ ಕರ್ನಾಟಕದಲ್ಲಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ ಎಂಬ ರಸಾಯನ ವಿಜ್ಞಾನಿಗಳು ಇದ್ದರು. ಅವರು ಮತ್ತು ಅವರ ವಿದ್ಯಾರ್ಥಿ ಕಿಂಗ್ಸ್ಲಿ 1988ರಲ್ಲಿ ಒಂದು ಪದ್ಧತಿ ಪ್ರಕಟಿಸಿದರು. ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಬೆರೆಸಿ ನೀರು ಹಾಕಿ 500 ಡಿಗ್ರಿ ಬಿಸಿ ಇರುವ ಕುಲುಮೆಯಲ್ಲಿ ಇಟ್ಟರೆ ಅದು ಕುದಿಯುತ್ತದೆ, ನೊರೆ ಉಕ್ಕುತ್ತದೆ, ಆಮೇಲೆ ಭಗ್ ಎಂದು ಉರಿದು ಐದು ನಿಮಿಷದೊಳಗೆ ಹಗುರವಾದ ಬಿಳಿ ಪುಡಿ ಆಗುತ್ತದೆ. ಯೂರಿಯಾ ಎಂದರೆ ಅದೇ, ನಾವು ಕಬ್ಬಿಗೆ ಹಾಕುವುದು! ಅದು ಇಲ್ಲಿ ಕಟ್ಟಿಗೆಯ ಕೆಲಸ ಮಾಡುತ್ತದೆ. ದಿನಗಟ್ಟಲೆ ಸುಡಬೇಕಾದದ್ದು ನಿಮಿಷದಲ್ಲಿ ಆಯಿತು. ಈ ಪದ್ಧತಿಯಲ್ಲಿ ಸ್ವಲ್ಪವೇ ಯುರೋಪಿಯಂ ಅಥವಾ ಟೆರ್ಬಿಯಂ ಬೆರೆಸಿದರೆ ಹೊಳೆಯುವ ಪುಡಿ ಸಿಗುತ್ತದೆ. ಯುರೋಪಿಯಂ ಕೆಂಪು, ಟೆರ್ಬಿಯಂ ಹಸಿರು. (ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿರಿ, ಅರಿಷಿಣ ಸಾಕು.)

ನಮ್ಮ ಕಡೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋದರೆ ಬೆಳಗಿನ ಜಾವ ತುಮಕೂರು ಬರುತ್ತದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಿ.ಎನ್.ಆರ್. ರಾವ್ ಅವರ ಹೆಸರಿನ ಒಂದು ಕೇಂದ್ರ ಇದೆ. ಅಲ್ಲಿ ಎಚ್. ನಾಗಭೂಷಣ ಮತ್ತು ಅವರ ಸಂಗಡಿಗರು ಬೆರಳಚ್ಚು ಕಾಣಿಸುವ ಪುಡಿಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ. 2017ರಲ್ಲಿ ಅವರು ಬೇರಿಯಂ ಟೈಟನೇಟಿಗೆ ಡಿಸ್ಪ್ರೋಸಿಯಂ ಬೆರೆಸಿದ ಪುಡಿಯಿಂದ ಬೆರಳಿನ ಗುರುತು ಮಾತ್ರವಲ್ಲ, ತುಟಿಯ ಗುರುತನ್ನೂ ಕಾಣಿಸಿದರು. ಕೆಲವು ಪುಡಿಗಳಿಗೆ ಲೋಳೆಸರದ ರಸವನ್ನೂ ಬಳಸಿದ್ದಾರೆ. ಇದನ್ನು ಕೇಳಿದ ಮೇಲೆ ವಿಜ್ಞಾನಿ ಆಗಲು ವಿದೇಶಕ್ಕೆ ಹೋಗಬೇಕೆಂಬ ನನ್ನ ತಿಳುವಳಿಕೆ ಹೋಯಿತು.

ಈಗ ಇನ್ನೊಂದು ಮಾತು. ಇದು ಸ್ವಲ್ಪ ಅಂಜಿಕೆಯದು. ಕಾಣದ ಗುರುತನ್ನು ಪೊಲೀಸರು ಕಾಣಬಹುದಾದರೆ ಕಳ್ಳರೂ ಕಾಣಬಹುದಲ್ಲ? 2002ರಲ್ಲಿ ಜಪಾನಿನ ಮತ್ಸುಮೊಟೊ ಎಂಬ ವಿಜ್ಞಾನಿ ಜೆಲಟಿನ್ ಎಂಬ ಅಂಟಿನಿಂದ ಸುಳ್ಳು ಬೆರಳು ಮಾಡಿ ಮಷಿನ್‌ಗಳಿಗೆ ಮೋಸ ಮಾಡಿ ತೋರಿಸಿದರು. ನಮ್ಮ ರಾಜ್ಯದಲ್ಲೇ 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಜನರ ಬ್ಯಾಂಕ್ ಖಾತೆಯಿಂದ ಅವರಿಗೆ ತಿಳಿಯದಂತೆ ಹಣ ಹೋಯಿತು. ಪತ್ರದ ಮೇಲೆ ಒತ್ತಿದ ಹೆಬ್ಬೆಟ್ಟನ್ನು ನಕಲು ಮಾಡಿ ಆಧಾರ್ ಮೂಲಕ ಹಣ ತೆಗೆದಿದ್ದರು. ಕೀಲಿ ಕಳೆದರೆ ಹೊಸದು ಮಾಡಿಸಬಹುದು. ಹೆಬ್ಬೆರಳು ಕಳುವಾದರೆ ಏನು ಮಾಡುವುದು? ನಮ್ಮ ಅಪ್ಪನೂ ಹೋದ ವರ್ಷ ಹೊಲದ ವಾಟ್ನಿ ಪತ್ರಕ್ಕೆ ಬೆರಳು ಕೊಟ್ಟಿದ್ದಾನೆ. ಇದನ್ನು ಓದಿ ಹೇಳಿದಾಗ ಅವನು ಸುಮ್ಮನೆ ಕೂತ.

ಕಾಪಾಡಲಿಕ್ಕೂ ಬೆಳಕೇ ಉಪಯೋಗಕ್ಕೆ ಬರುತ್ತದೆ. ಮಾಮಾನ ಬ್ಯಾಟರಿಯಲ್ಲಿ ನೋಟು ನೋಡಿದರೆ ಒಳಗಿನ ದಾರ, ಸಣ್ಣ ಎಳೆಗಳು ಹೊಳೆಯುತ್ತವೆ. ಜೆರಾಕ್ಸ್ ಮಾಡಿದ ನೋಟಿನಲ್ಲಿ ಅವು ಇರುವುದಿಲ್ಲ. ಅದೇ ಹೊಳೆಯುವ ಪುಡಿಯನ್ನು ಶಾಯಿ ಮಾಡಿ ಪತ್ರ, ಔಷಧಿ ಡಬ್ಬಿಗಳ ಮೇಲೆ ಕಾಣದ ಗುರುತು ಹಾಕುವ ಸಂಶೋಧನೆ ನಡೆದಿದೆ. ಬೆರಳು ನೋಡುವ ಕೆಲವು ಮಷಿನ್‌ಗಳು ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟು ಚರ್ಮದ ಒಳಗಿನದನ್ನೂ ನೋಡುತ್ತವೆ, ಅಂಟಿನ ಬೆರಳಿಗೆ ಒಳಗೆ ರಕ್ತ ಇರುವುದಿಲ್ಲವಲ್ಲ. ಆಧಾರ್‌ನವರೂ 2023ರ ಫೆಬ್ರುವರಿಯಲ್ಲಿ ಬೆರಳು ಜೀವಂತ ಇದೆಯೋ ಇಲ್ಲವೋ ಎಂದು ಪರೀಕ್ಷಿಸುವ ಹೊಸ ವ್ಯವಸ್ಥೆ ತಂದರು. ಅದಲ್ಲದೆ ನಮ್ಮ ಬೆರಳಿಗೆ ನಾವೇ ಬೀಗ ಹಾಕಬಹುದು. ಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಎಂದು ಇದೆ, ಮೊಬೈಲಿನಲ್ಲೇ ಮಾಡಬಹುದು. ಅಪ್ಪನದು ಮಾಡಿದೆವು.

ಆಯಿಯದು ಮಾಡಲಿಲ್ಲ. ಲಾಕ್ ಮಾಡಿದರೆ ರೇಷನ್ ಮಷಿನ್‌ನಲ್ಲೂ ಬೆರಳು ನಡೆಯುವುದಿಲ್ಲ. ಪ್ರತಿ ಸಲ ತೆಗೆಯಬೇಕು, ಅದಕ್ಕೆ ಮೊಬೈಲ್ ಬೇಕು, ಮೊಬೈಲ್ ಅಪ್ಪನ ಹತ್ತಿರ ಇರುತ್ತದೆ, ಅಪ್ಪ ಹೊಲದಲ್ಲಿ ಇರುತ್ತಾನೆ. ಆಯಿ "ಬ್ಯಾಡವಾ, ಮೊದಲ ಅದು ತಗೋಳೂದ ಕಷ್ಟ, ಮ್ಯಾಲೆ ಕೀಲಿ ಬ್ಯಾರೆ" ಅಂದಳು. ನನಗೆ ಅವಳು ಹೇಳಿದ್ದೂ ಸರಿ ಅನ್ನಿಸಿತು. ಈ ತಿಂಗಳು ರೇಷನ್ನಿಗೆ ಹೋಗುವಾಗ ಅವಳು ಮುಂಜಾನೆಯೇ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ತಲೆ ಬಾಚಿಕೊಂಡಳು. ಒಂದೇ ಸಲಕ್ಕೆ ಟಿಂಗ್ ಎಂದಿತು. ಬೆರಳು ಎತ್ತಿದ ಮೇಲೆ ನಾನು ನನ್ನ ಅಂಗಿಯ ತುದಿಯಿಂದ ಆ ಕಾಜು ಒರೆಸಿದೆ. ಅಂಗಡಿಯವರು ಯಾಕೆ ಎಂದು ಕೇಳಿದರು. ಧೂಳು ಇತ್ತರಿ ಅಂದೆ.

ಈ ಲೇಖನದ ಕೆಳಗೆ ಮಸಿಯಲ್ಲಿ ಒತ್ತಿದ ಒಂದು ಗುರುತು ಅಂಟಿಸಿದ್ದೇನೆ, ಬೋದು ಸಾಲು ಎಲ್ಲಾ ಚೆನ್ನಾಗಿ ಕಾಣುತ್ತವೆ, ಹತ್ತಿರ ಹೋಗಿ ನೋಡಿರಿ. ಅದು ನನ್ನ ಕೈ ಬೆರಳು ಅಲ್ಲ, ಕಾಲಿನ ಹೆಬ್ಬೆರಳು.

– ಏಳನೇ ವರ್ಗ